ಊರು ಬದಲಾದರೂ ಮಗುವಿನ ಲಸಿಕೆ ತಪ್ಪದಿರಲಿ

ಮುಂಬೈಗೋ ಪುಣೆಗೋ ಬಂದ ಗಡಿಬಿಡಿಯಲ್ಲಿ ಮಗುವಿನ ಎರಡನೇ ದಡಾರ-ರುಬೆಲ್ಲಾ ಲಸಿಕೆ ಬಿಟ್ಟುಹೋಗಿದೆಯೇ? ತಾಯಿ ಕಾರ್ಡ್ ತೆಗೆದು ನೋಡಿ.

ತಾಯಿಯಿಂದ ಬಂದ ರಕ್ಷಣೆ ಮಗುವಿನಲ್ಲಿ ತಿಂಗಳು ಕಳೆದಂತೆ ಕರಗುತ್ತದೆ. ಅದಕ್ಕೇ 9 ತಿಂಗಳು ತುಂಬಿದ ಮೇಲೆ ಮೊದಲ ಡೋಸ್. ಕೆಲವು ಮಕ್ಕಳಿಗೆ ಅದೊಂದೇ ಸಾಲದು. ಆದ್ದರಿಂದ 16ರಿಂದ 24 ತಿಂಗಳೊಳಗೆ ಎರಡನೆಯದು.

ದಡಾರ ಬರೀ ಜ್ವರ, ಗುಳ್ಳೆ ಅಲ್ಲ. ಬೇರೆ ರೋಗಗಳನ್ನು ಎದುರಿಸಲು ದೇಹ ಕಲಿತ ಪಾಠವನ್ನೂ ಅದು ಅಳಿಸಬಲ್ಲದು. ಆಮೇಲೆ ನ್ಯುಮೋನಿಯಾ, ಭೇದಿ ಸುಲಭವಾಗಿ ತಗಲುತ್ತವೆ. ರೋಗಿ ಎದ್ದುಹೋದ ಮೇಲೂ ಕೋಣೆಯ ಗಾಳಿಯಲ್ಲಿ ವೈರಾಣು 2 ಗಂಟೆವರೆಗೆ ಇರಬಲ್ಲದು.

ಕಾರ್ಡ್ ಕನ್ನಡದಲ್ಲಿದ್ದರೂ ಚಿಂತೆ ಬೇಡ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಉಚಿತ. ಮೊದಲಿನಿಂದ ಶುರು ಮಾಡಬೇಕಿಲ್ಲ, ಬಿಟ್ಟಿದ್ದನ್ನು ಹಾಕಿಸಿ. ನಿಮ್ಮ ಬಳಗಕ್ಕೂ ತಿಳಿಸಿ.