ಕುರಿ ಕೊಂದದ್ದು ತೋಳವೋ, ನಾಯಿಯೋ?

ಬೆಳಗ್ಗೆ ದೊಡ್ಡಿಯಲ್ಲಿ ಮೂರು ಕುರಿ ಸತ್ತು ಬಿದ್ದಿದ್ದರೆ ಕುರಿಗಾರರ ಬಾಯಲ್ಲಿ ಮೊದಲು ಬರುವುದು ತೋಳದ ಹೆಸರು. ಊರ ನಾಯಿಗಳೂ ಗುಂಪುಗೂಡಿ ಕುರಿ ಕೊಲ್ಲುವುದು ಅವರಿಗೆ ತಿಳಿಯದ ವಿಷಯವೇನಲ್ಲ. ಆದರೆ ಗಾಯ ನೋಡಿದ ಮಾತ್ರಕ್ಕೆ ಎರಡನ್ನೂ ಬೇರ್ಪಡಿಸುವುದು ಪಳಗಿದ ಪಶುವೈದ್ಯರಿಗೂ ಕಷ್ಟ. ಕಾಡುಪ್ರಾಣಿ ಕೊಂದದ್ದಾದರೆ ಪರಿಹಾರದ ಮಾತು ಬರುತ್ತದೆ. ನಾಯಿ ಕೊಂದದ್ದಾದರೆ ಲೆಕ್ಕವೇ ಬೇರೆ. ಇಂಥ ಕಡೆ ಗಾಯದ ಅಂಚಿನಲ್ಲಿ ಉಳಿದ ಜೊಲ್ಲು ಸಾಕ್ಷಿ ಹೇಳುತ್ತದೆ. ಜೊಲ್ಲಿನಿಂದ ತೋಳ, ನಾಯಿಗಳನ್ನು ಗುರುತಿಸುವ ವಿಧಾನವನ್ನು ಸ್ವೀಡನ್ನಿನ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು.

ಜೀವಕೋಶದಲ್ಲಿ ಡಿ.ಎನ್.ಎ. ಎರಡು ಕಡೆ ಇರುತ್ತದೆ. ಕೋಶಕೇಂದ್ರದಲ್ಲಿರುವುದು ತಂದೆ ತಾಯಿ ಇಬ್ಬರಿಂದಲೂ ಬಂದದ್ದು. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳಲ್ಲಿರುವುದು ತಾಯಿಯಿಂದ ಮಾತ್ರ ಬಂದದ್ದು. ನಾಯಿಯಲ್ಲಿ ಇದರ ಉದ್ದ ಸುಮಾರು 16,700 ಅಕ್ಷರಗಳಷ್ಟು. ಒಂದೊಂದು ಕೋಶದಲ್ಲೂ ಇದರ ನೂರಾರು ಪ್ರತಿಗಳಿರುವುದರಿಂದ ಉದುರಿದ ಒಂದು ಕೂದಲಿನಿಂದಲೂ ಇದನ್ನು ಓದಬಹುದು. ಇದರ ‘ನಿಯಂತ್ರಣ ಭಾಗ’ ಎಂಬ ತುಣುಕಿನಲ್ಲಿ ಬದಲಾವಣೆಗಳು ಹೆಚ್ಚು; ನಾಯಿಯಿಂದ ನಾಯಿಗೆ ವ್ಯತ್ಯಾಸ ಕಾಣುವುದು ಮುಖ್ಯವಾಗಿ ಅಲ್ಲಿಯೇ.

ಆದರೆ ಈ ವ್ಯತ್ಯಾಸಕ್ಕೂ ಮಿತಿಯಿದೆ. 2002ರಲ್ಲಿ 654 ನಾಯಿಗಳನ್ನು ಪರೀಕ್ಷಿಸಿದಾಗ ಶೇಕಡ 95ಕ್ಕೂ ಹೆಚ್ಚು ಮಾದರಿಗಳು ಮೂರೇ ಗುಂಪುಗಳಿಗೆ ಸೇರಿದವೆಂದು ಕಂಡುಬಂದಿತು. ಒಂದು ಸೂಲಿನ ಮರಿಗಳು, ಅವುಗಳ ತಾಯಿ, ತಾಯಿಯ ಅಕ್ಕತಂಗಿಯರು ಎಲ್ಲರದೂ ಸಾಮಾನ್ಯವಾಗಿ ಒಂದೇ ಮಾದರಿ. ಬೇರೆ ಬೇರೆ ತಳಿಗಳಲ್ಲೂ ಅದೇ ಮಾದರಿ ಸಿಗಬಹುದು. ಹೀಗಾಗಿ ಮಾದರಿ ಸ್ಪಷ್ಟವಾಗಿ ಬೇರೆಯಾದರೆ ‘ಈ ನಾಯಿಯಲ್ಲ’ ಎಂದು ಬಿಟ್ಟುಬಿಡಬಹುದು. ಹೊಂದಿಕೆಯಾದರೆ ‘ಇದೇ ನಾಯಿ’ ಎನ್ನುವಂತಿಲ್ಲ. ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ 2002ರಲ್ಲಿ ನಡೆದ ಬಾಲಕಿಯ ಕೊಲೆ ಮೊಕದ್ದಮೆಯಲ್ಲಿ ಆರೋಪಿಯ ವಾಹನದಲ್ಲಿ ಸಿಕ್ಕ ನಾಯಿಕೂದಲು ಬಾಲಕಿಯ ಮನೆಯ ನಾಯಿಯ ಮಾದರಿಗೆ ಹೊಂದಿತು. ಆದರೂ ರಕ್ತದ ಕಲೆ, ಬೆರಳಚ್ಚುಗಳೂ ಜೊತೆಗಿದ್ದವು. ಕೂದಲೊಂದನ್ನೇ ನಂಬಿ ತೀರ್ಪು ಕೊಡುವುದು ತರವಲ್ಲ.

ತೋಳದ ವಿಷಯದಲ್ಲಿ ನಮ್ಮ ದೇಶಕ್ಕೊಂದು ಅನುಕೂಲವಿದೆ. ದಖ್ಖನದ ಬಯಲಿನ ತೋಳಗಳ ತಾಯಿವಂಶ ನಾಯಿಗಳ ವಂಶದಿಂದ ಬಹಳ ಹಿಂದೆಯೇ ಕವಲೊಡೆದದ್ದೆಂದು 2004ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಆದ್ದರಿಂದ ಇಲ್ಲಿ ಇವೆರಡನ್ನು ಬೇರ್ಪಡಿಸುವುದು ಸುಲಭ. ಆದರೆ ತೋಳ ನಾಯಿಗಳ ಮಿಶ್ರಸಂತಾನ ತನ್ನ ತಾಯಿಯ ಗುರುತನ್ನಷ್ಟೇ ತೋರಿಸುತ್ತದೆಂಬುದನ್ನು ಮರೆಯಬಾರದು.

ಮಾದರಿ ತೆಗೆಯುವಲ್ಲಿ ಆಗುವ ತಪ್ಪೇ ದೊಡ್ಡ ತೊಡಕು. ತೋಳ ಕೊಂದ ಕುರಿಯನ್ನು ನಾಯಿ ಬಂದು ತಿಂದರೆ ನಾಯಿಯ ಜೊಲ್ಲೂ ಸೇರುತ್ತದೆ. ಆದ್ದರಿಂದ ಚರ್ಮದಡಿ ರಕ್ತ ಹೆಪ್ಪುಗಟ್ಟಿದ, ಎಂದರೆ ಜೀವವಿದ್ದಾಗಲೇ ಬಿದ್ದ ಕಡಿತವನ್ನು ಪಶುವೈದ್ಯರು ಆರಿಸಬೇಕು. ಅವರು ಬರುವವರೆಗೆ ಗಾಯ ತೊಳೆಯಬಾರದು, ಕಳೇಬರವನ್ನು ಮಳೆಗೂ ಬೇರೆ ನಾಯಿಗಳಿಗೂ ಬಿಡಬಾರದು. ಒರೆಸಿದ ಶುದ್ಧ ಹತ್ತಿಯನ್ನು ನೆರಳಲ್ಲಿ ಆರಿಸಿ ಕಾಗದದ ಲಕೋಟೆಯಲ್ಲಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಮಂದೆ ಕಾಯುವ ನಾಯಿಯ ಜೊಲ್ಲನ್ನೂ ಹೋಲಿಕೆಗಾಗಿ ಬೇರೊಂದು ಲಕೋಟೆಯಲ್ಲಿ ಕಳುಹಿಸಬೇಕು, ಸತ್ತ ಕುರಿಯನ್ನು ಮೊದಲು ಮೂಸಿ ನೆಕ್ಕುವುದು ಹೆಚ್ಚಾಗಿ ಅದೇ.