ಫೂಫಿಯ ಮನೆಯ 33 ಯೂನಿಟ್

ಕರೆಂಟ್ ಮೀಟರ್ ಮಾಡಿದ ಕಥೆ ಬರೆಯುತ್ತೇನೆ ಎಂದಾಗ ನಮ್ಮ ಕಾಮರ್ಸ್ ಸೆಕ್ಷನ್‌ನಲ್ಲಿ ಎಲ್ಲರೂ ನಕ್ಕರು. ಸೈನ್ಸ್‌ನವರು ಇನ್ನೂ ಜೋರಾಗಿ ನಕ್ಕರು. ಆದರೆ ಇದು ಶುರುವಾದದ್ದು ಸೈನ್ಸ್‌ನಿಂದ ಅಲ್ಲ, ಒಂದು ಬಿಲ್‌ನಿಂದ.

ನಮ್ಮ ಮನೆ ಸಕಲೇಶಪುರದಿಂದ ಎಡಕುಮೇರಿ ಕಡೆಗೆ ಇಳಿಯುವ ಕಾಡಿನ ಅಂಚಿನಲ್ಲಿದೆ. ಘಟ್ಟದಲ್ಲಿ ರೈಲು ಹಳಿ ಹಾಕುವ ಕೆಲಸಕ್ಕೆ ಬಂದ ದಾದಾ ಇಲ್ಲೇ ಉಳಿದರು. ಅಬ್ಬಾ ಹತ್ತಿರದ ಕಾಫಿ ತೋಟದಲ್ಲಿ ರೈಟರ್. ಮನೆಯ ಹಿಂದೆ ಎರಡು ಕೋಣೆಯಲ್ಲಿ ಅಬ್ಬಾರ ತಂಗಿ, ನಮ್ಮ ಫೂಫಿ, ಒಬ್ಬರೇ ಇದ್ದಾರೆ. ತೋಟದ ಜನರಿಗೆ ಬಟ್ಟೆ ಹೊಲಿದು ಜೀವನ ಮಾಡುತ್ತಾರೆ. ಎರಡೂ ಮನೆಗೆ ಸೇರಿ ಒಂದೇ ಮೀಟರ್, ಒಂದೇ ಆರ್.ಆರ್. ನಂಬರ್. ನಮ್ಮ ಬೋರ್ಡಿನಿಂದ ಒಂದು ವೈರ್ ಹಿಂದಕ್ಕೆ ಹೋಗುತ್ತದೆ.

2023ರಲ್ಲಿ ಗೃಹಜ್ಯೋತಿ ಬಂದಾಗ ನಮಗೂ ಖುಷಿಯಾಯಿತು. 200 ಯೂನಿಟ್ ಫ್ರೀ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಲೆಕ್ಕ ಹಾಗಿಲ್ಲ. 2022-23ನೇ ಸಾಲಿನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದೀರೋ ಅದರ ಮೇಲೆ ಶೇಕಡಾ 10 ಮಾತ್ರ ಫ್ರೀ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇಕಡಾ 10ರ ಬದಲು 10 ಯೂನಿಟ್ ಎಂದು 2024ರಲ್ಲಿ ಬದಲಾಯಿಸಿದರು. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ನಮ್ಮ ಸರಾಸರಿ 62, ಹಾಗಾಗಿ ನಮ್ಮ ಪಾಲು 68. ಕಳೆದ ಮಳೆಗಾಲದಲ್ಲಿ ಮಾತ್ರ ಬಿಲ್‌ನಲ್ಲಿ 97 ಬಂತು, ಮರು ತಿಂಗಳು 101.

ಹೆಚ್ಚಾದ 33 ಯೂನಿಟ್‌ಗೆ ಯೂನಿಟ್‌ಗೆ ಆರು ರೂಪಾಯಿಯಂತೆ ಸುಮಾರು 198 ರೂಪಾಯಿ. ದೊಡ್ಡ ಹಣವಲ್ಲ ಎಂದು ನೀವು ಹೇಳಬಹುದು. ಆದರೆ "ಯಾರು ಉರಿಸಿದ್ದು?" ಎಂಬ ಪ್ರಶ್ನೆ ಮನೆಯೊಳಗೆ ಬಂದರೆ ಅದು 198 ರೂಪಾಯಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಫೂಫಿಯ ಹತ್ತಿರ ಮೋಟಾರ್ ಹೊಲಿಗೆ ಮಷೀನ್ ಇದೆ, ಇಸ್ತ್ರಿ ಪೆಟ್ಟಿಗೆ ಇದೆ. ಅಮ್ಮಿ ಏನೂ ಹೇಳಲಿಲ್ಲ, ಇಸ್ತ್ರಿ ಪೆಟ್ಟಿಗೆಯನ್ನು ನೋಡಿದರು, ಅಷ್ಟೇ.

ಬಿಲ್ಲನ್ನು ನ್ಯಾಯವಾಗಿ ಹಂಚುತ್ತೇನೆ ಎಂದು ನಾನು ಮುಂದೆ ಬಂದೆ. ಸೈನ್ಸ್ ಓದುವ ಗೆಳೆಯ ತನ್ನ ಆರ್ಡುಯಿನೋ ಊನೋ ಬೋರ್ಡ್ ಕೊಟ್ಟ. ಎಸ್‌ಸಿಟಿ-013 ಎಂಬ ಕ್ಲಾಂಪ್ ಸೆನ್ಸರ್ ತರಿಸಿದೆ. ಇದು ಬಟ್ಟೆಯ ಕ್ಲಿಪ್ಪಿನ ಹಾಗೆ ವೈರಿನ ಸುತ್ತ ಕಚ್ಚಿಕೊಳ್ಳುತ್ತದೆ. ವೈರ್ ಕತ್ತರಿಸಬೇಕಿಲ್ಲ, ಸಿಪ್ಪೆ ಸುಲಿಯಬೇಕಿಲ್ಲ. ವೈರಿನಲ್ಲಿ 100 ಆಂಪಿಯರ್ ಹರಿದರೆ ಸೆನ್ಸರಿನಿಂದ 50 ಮಿಲಿ ಆಂಪಿಯರ್ ಬರುತ್ತದೆ, ಅಂದರೆ 2000ಕ್ಕೆ 1. ಅದನ್ನು 33 ಓಮ್ ರೆಸಿಸ್ಟರ್ ಮೂಲಕ ಹರಿಸಿದರೆ ವೋಲ್ಟೇಜ್ ಆಗುತ್ತದೆ. ಎಸಿ ಕರೆಂಟ್ ಸೊನ್ನೆಯ ಮೇಲೂ ಕೆಳಗೂ ಓಡಾಡುವುದರಿಂದ, ಮತ್ತು ಬೋರ್ಡಿಗೆ ಸೊನ್ನೆಯ ಕೆಳಗಿನದು ಓದಲು ಬರದ್ದರಿಂದ, ಎರಡು 10 ಕಿಲೋ ಓಮ್ ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಹಾಕಿ ಇಡೀ ಅಲೆಯನ್ನು 2.5 ವೋಲ್ಟ್ ಮೇಲಕ್ಕೆ ಎತ್ತಬೇಕು. ಪ್ರೋಗ್ರಾಮ್ ನಾನು ಬರೆದದ್ದಲ್ಲ. ಎಮಾನ್‌ಲಿಬ್ ಎಂಬ ಸಿದ್ಧ ಲೈಬ್ರರಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಹಾಕಬೇಕಾದ ಅಳತೆ ಸಂಖ್ಯೆ 60.6. ಎಲ್ಲಿಂದ ಬಂತು ಎಂದರೆ 2000 ಭಾಗಿಸು 33.

ಮೊದಲ ದಿನ ಕ್ಲಾಂಪನ್ನು ಎರಡೂ ವೈರಿಗೆ ಸೇರಿಸಿ ಕಚ್ಚಿಸಿದೆ. ಸೊನ್ನೆ ತೋರಿಸಿತು. ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಹೊಡೆದುಹಾಕುತ್ತವೆ, ಡೆಬಿಟ್ ಕ್ರೆಡಿಟ್ ಹಾಗೆ. ಫೇಸ್ ವೈರ್ ಒಂದಕ್ಕೇ ಹಾಕಬೇಕು. ಇನ್ನೊಂದು ಮಾತು: ಕಂಪನಿಯ ಮೀಟರನ್ನು, ಅದರ ಸೀಲನ್ನು ಮುಟ್ಟಬಾರದು. 2003ರ ವಿದ್ಯುತ್ ಕಾಯ್ದೆಯಲ್ಲಿ ಅದು ಅಪರಾಧ. ನನ್ನ ಕ್ಲಾಂಪ್ ಇದ್ದದ್ದು ಹಿಂದಿನ ಮನೆಗೆ ಹೋಗುವ ನಮ್ಮದೇ ವೈರಿನ ಮೇಲೆ.

ನಮ್ಮಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ಮೀಟರ್ ಲೆಕ್ಕ ಮೊಬೈಲಿಗೆ ಬರುವುದೆಲ್ಲ ನಮಗಲ್ಲ. ಚಿಕ್ಕ ಡಿಸ್‌ಪ್ಲೇ, ಒಂದು ಮೆಮೊರಿ ಕಾರ್ಡ್, ಮತ್ತು ಕರೆಂಟ್ ಹೋದರೂ ಸಮಯ ಮರೆಯದ ಡಿಎಸ್ 3231 ಎಂಬ ಬ್ಯಾಟರಿ ಗಡಿಯಾರ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದಿರುವುದು ನಮಗೆ ಸುದ್ದಿಯೇ ಅಲ್ಲ. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ರೈಲು ನಿಂತಿತ್ತು, ಕಂಬಗಳ ಕಥೆ ಕೇಳಬೇಕೇ? ನಾನು ವಾರದ ದಿನಗಳಲ್ಲಿ ಸಕಲೇಶಪುರದಲ್ಲಿ ನಾನಾ ಮನೆಯಲ್ಲಿರುವುದರಿಂದ ಪ್ರತಿ ರಾತ್ರಿ ಎರಡೂ ರೀಡಿಂಗ್‌ಗಳನ್ನು ತಂಗಿ ನೋಟ್‌ಬುಕ್ಕಿನಲ್ಲಿ ಬರೆದಳು.

ತಿಂಗಳ ಕೊನೆಗೆ ಒಟ್ಟು 101. ನನ್ನ ಮೀಟರ್ ಪ್ರಕಾರ ಫೂಫಿಯದು 57. ಕಳೆದರೆ ನಮ್ಮದು 44. ಅಬ್ಬಾ, ಅಮ್ಮಿ, ಫೂಫಿ ಎಲ್ಲರ ಮುಂದೆ ಕಾಗದ ಹಿಡಿದು ಓದಿದೆ. ಐದು ಜನರ ಮನೆಗಿಂತ ಒಬ್ಬರ ಮನೆ ಹೆಚ್ಚು ಉರಿಸಿದೆ. 198ರಲ್ಲಿ ಫೂಫಿಯ ಪಾಲು 112 ರೂಪಾಯಿ. ಫೂಫಿ ಎದ್ದು ಹೋಗಿ ಹಣ ತಂದು ಮೇಜಿನ ಮೇಲಿಟ್ಟರು. ಮರುದಿನದಿಂದ ಇಸ್ತ್ರಿ ಪೆಟ್ಟಿಗೆ ಹೊರಗೆ ಬರಲಿಲ್ಲ. ಹೊಲಿದ ಬಟ್ಟೆಯನ್ನು ಹಾಸಿಗೆಯ ಕೆಳಗೆ ಮಡಿಸಿಟ್ಟು ಕೊಡತೊಡಗಿದರು. ನನಗೆ ಆಗ ಏನೂ ಅನಿಸಲಿಲ್ಲ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಮಷೀನ್ ಹೇಳಿದೆ, ನಾನಲ್ಲ ಎಂದುಕೊಂಡಿದ್ದೆ.

ಮರು ತಿಂಗಳು ಫೂಫಿ ಒಂದು ಮದುವೆಗೆ ಹಾಸನಕ್ಕೆ ಹೋದರು. ಎರಡು ದಿನ ಮನೆಗೆ ಬೀಗ, ಮೇನ್ ಸ್ವಿಚ್ ಆಫ್. ತಂಗಿ ಎಂದಿನಂತೆ ಬರೆದಳು. ಶನಿವಾರ ಬಂದು ನೋಡಿದರೆ ಆ 48 ಗಂಟೆಯಲ್ಲೂ ನನ್ನ ಮೀಟರ್ 2.2 ಯೂನಿಟ್ ಓಡಿದೆ! ಕ್ಲಾಂಪನ್ನು ವೈರಿನಿಂದ ಬಿಡಿಸಿ ಕೈಯಲ್ಲಿ ಹಿಡಿದೆ. ಗಾಳಿಯಲ್ಲಿದ್ದರೂ 0.2 ಆಂಪಿಯರ್ ತೋರಿಸುತ್ತಿತ್ತು.

ಲೆಕ್ಕ ಮಾಡಿ ನೋಡಿ. 0.2 ಆಂಪಿಯರ್ ಗುಣಿಸು 230 ವೋಲ್ಟ್, 46 ವ್ಯಾಟ್. ಹಗಲೂ ರಾತ್ರಿ 30 ದಿನ ಓಡಿದರೆ 33 ಯೂನಿಟ್. ನಾವು ಜಗಳವಾಡುತ್ತಿದ್ದ ಹೆಚ್ಚುವರಿಯೂ 33, ಅದು ಬರೀ ಕಾಕತಾಳೀಯ. ಆದರೆ ಅದನ್ನು ನೋಡಿ ನನ್ನ ಕೈ ತಣ್ಣಗಾಯಿತು.

ತಪ್ಪು ಸೆನ್ಸರಿನದ್ದಲ್ಲ. ಅದು 100 ಆಂಪಿಯರ್‌ನ ತಕ್ಕಡಿ. ಲಾರಿ ತೂಗುವ ತಕ್ಕಡಿಯಲ್ಲಿ ನಾನು ಏಲಕ್ಕಿ ತೂಗಿದ್ದೆ. ಊನೋ ಬೋರ್ಡ್ 5 ವೋಲ್ಟನ್ನು 1024 ಮೆಟ್ಟಿಲಾಗಿ ನೋಡುತ್ತದೆ, ಒಂದು ಮೆಟ್ಟಿಲು ಸುಮಾರು 4.9 ಮಿಲಿ ವೋಲ್ಟ್. 9 ವ್ಯಾಟಿನ ಬಲ್ಬ್ ಉರಿದರೆ ನನ್ನ ರೆಸಿಸ್ಟರ್ ಮೇಲೆ ಬರುವ ಅಲೆ ಎರಡು ಮಿಲಿ ವೋಲ್ಟ್ ಕೂಡ ಇಲ್ಲ, ಒಂದು ಮೆಟ್ಟಿಲಿಗೂ ಸಾಲದು. ಬಲ್ಬ್ ಕಾಣುವುದಿಲ್ಲ, ವೈರಿನ ಗದ್ದಲ ಮಾತ್ರ ಕಾಣುತ್ತದೆ.

ಎರಡನೇ ತಪ್ಪೂ ಇತ್ತು. ಕ್ಲಾಂಪಿಗೆ ವೋಲ್ಟೇಜ್ ಗೊತ್ತಿಲ್ಲ, 230 ಎಂದು ನಾನೇ ಬರೆದಿದ್ದೆ. ನಮ್ಮದು ಲೈನಿನ ಕೊನೆ, ಸಂಜೆ 190 ಇರುತ್ತದೆ. 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆ 190 ವೋಲ್ಟ್‌ನಲ್ಲಿ ನಿಜವಾಗಿ ತಿನ್ನುವುದು ಸುಮಾರು 682 ವ್ಯಾಟ್. ನನ್ನ ಮೀಟರ್ ಬರೆದುಕೊಂಡದ್ದು 826. ಹೊಲಿಗೆ ಮಷೀನಿನ ಮೋಟಾರ್, ಎಲ್‌ಇಡಿ ಬಲ್ಬ್‌ಗಳಲ್ಲಿ ಪವರ್ ಫ್ಯಾಕ್ಟರ್ ಎಂಬುದೂ ಸೇರಿ ಇನ್ನಷ್ಟು ಹೆಚ್ಚು. ಎಲ್ಲ ತಪ್ಪೂ ಒಂದೇ ಕಡೆಗೆ, ಫೂಫಿಯ ಕಡೆಗೆ.

ಪ್ರಥಮ ಪಿಯುಸಿಯಲ್ಲಿ ನಮಗೆ ಕಲಿಸಿದ್ದಾರೆ: ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ತಪ್ಪು ಹುಡುಕಬೇಕು. ನಾನು ಫೂಫಿಯ ಖಾತೆಗೆ ಹಾಕಿದ್ದೆ. ಅಬ್ಬಾಗೆ ಹೇಳಿದಾಗ ಅವರು ಬೈಯಲಿಲ್ಲ. "ನಾಪ್ ತೋಲ್ ಮೇ ಜಲ್ದಿ ನಕ್ಕೋ ಬೇಟಾ" ಎಂದರು. ಅಳತೆ ತೂಕದಲ್ಲಿ ಅವಸರ ಬೇಡ ಎಂದು.

ಎರಡನೇ ಸಲ ಪಿಜೆಡ್‌ಇಎಂ-004ಟಿ ಎಂಬ ಮಾಡ್ಯೂಲ್ ತಂದೆ. ಇದಕ್ಕೂ ಕ್ಲಾಂಪ್ ಇದೆ, ಜೊತೆಗೆ ಇದು ವೋಲ್ಟೇಜನ್ನೂ ತಾನೇ ಅಳೆದು ನಿಜವಾದ ವ್ಯಾಟ್ ಕೊಡುತ್ತದೆ. ಕರೆಂಟ್ ಹೋದರೂ ಯೂನಿಟ್ ಮರೆಯುವುದಿಲ್ಲ. ಆದರೆ ಇದಕ್ಕೆ ಫೇಸ್ ಮತ್ತು ನ್ಯೂಟ್ರಲ್ ನೇರವಾಗಿ ಕೊಡಬೇಕು, ಅಲ್ಲಿ ಜೀವಕ್ಕೆ ಅಪಾಯ. ಆ ಭಾಗವನ್ನು ಲೈಸೆನ್ಸ್ ಇರುವ ವೈರ್‌ಮ್ಯಾನ್ ಬಂದು ಮಾಡಿದರು, ಮುಚ್ಚಳವಿರುವ ಡಬ್ಬಿಯಲ್ಲಿ. ನೀವೂ ಹಾಗೇ ಮಾಡಿಸಿ.

ಈ ಸಲ ನೇರವಾಗಿ ಫೂಫಿಯ ವೈರಿಗೆ ಹಾಕಲಿಲ್ಲ. ಮೊದಲು ಎರಡೂ ಮನೆಯ ಒಟ್ಟು ವೈರಿಗೆ ಹಾಕಿ ಹತ್ತು ದಿನ ಕಂಪನಿಯ ಮೀಟರ್ ಜೊತೆ ತಾಳೆ ನೋಡಿದೆ, ಪಾಸ್ ಬುಕ್ಕಿಗೂ ಕ್ಯಾಶ್ ಬುಕ್ಕಿಗೂ ತಾಳೆ ನೋಡುವ ಹಾಗೆ. ಅದು 31.2, ನನ್ನದು 30.9. ಇನ್ನೊಂದು ಪರೀಕ್ಷೆ ದುಡ್ಡಿಲ್ಲದೆ ಯಾರೂ ಮಾಡಬಹುದು. ನಿಮ್ಮ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತದೆ. ಪಕ್ಕದಲ್ಲಿ 3200 ಎಂದು ಬರೆದಿದ್ದರೆ 3200 ಮಿಣುಕಿಗೆ ಒಂದು ಯೂನಿಟ್. ಒಂದು ಮಿಣುಕಿನಿಂದ ಮುಂದಿನ ಮಿಣುಕಿಗೆ ಎಷ್ಟು ಸೆಕೆಂಡ್ ಎಂದು ನೋಡಿ, 1125ನ್ನು ಅದರಿಂದ ಭಾಗಿಸಿ, ವ್ಯಾಟ್ ಸಿಗುತ್ತದೆ. (1600 ಎಂದಿದ್ದರೆ 2250ನ್ನು ಭಾಗಿಸಿ.) ಎಲ್ಲ ಆಫ್ ಮಾಡಿ ನಮ್ಮ ಬಚ್ಚಲಿನ ನೀರು ಕಾಯಿಸುವ ರಾಡ್ ಒಂದನ್ನೇ ಹಾಕಿದೆ. 60 ಮಿಣುಕಿಗೆ 63 ಸೆಕೆಂಡ್, ಅಂದರೆ 1071 ವ್ಯಾಟ್. ನನ್ನ ಡಿಸ್‌ಪ್ಲೇಯಲ್ಲಿ 1068. ರಾಡಿನ ಮೇಲೆ 1500 ಎಂದು ಬರೆದಿತ್ತು, ಕಡಿಮೆ ವೋಲ್ಟೇಜಿನಲ್ಲಿ ಅಷ್ಟೇ.

ರಾಡ್ ಯಾಕೆ ಹಾಕಿದೆ ಎಂದರೆ ಆ ಹೊತ್ತಿಗೆ ನನಗೆ ಅನುಮಾನ ಬಂದಿತ್ತು. 2022-23ರಲ್ಲಿ ನಮ್ಮ ಮನೆಯಲ್ಲಿ ರಾಡ್ ಇರಲಿಲ್ಲ, ಹಂಡೆ ಒಲೆ ಇತ್ತು. ಈಗಲೂ ಬೇಸಿಗೆಯಲ್ಲಿ ಒಲೆಯೇ. ಮಳೆಗಾಲದಲ್ಲಿ ಸೌದೆ ನೆನೆದು ಹೊಗೆ ತುಂಬುತ್ತದೆ ಎಂದು ರಾಡ್. ಒಂದು ಬಕೆಟ್ 15 ಲೀಟರ್ ನೀರನ್ನು 18 ಡಿಗ್ರಿಯಿಂದ 43ಕ್ಕೆ ಏರಿಸಲು 1575 ಕಿಲೋ ಜೂಲ್ ಬೇಕು. ಒಂದು ಯೂನಿಟ್ ಎಂದರೆ 3600 ಕಿಲೋ ಜೂಲ್. ಬಕೆಟ್‌ಗೆ 0.44 ಯೂನಿಟ್. ದಿನಕ್ಕೆ ಮೂರು ಬಕೆಟ್, ತಿಂಗಳಿಗೆ 39 ಯೂನಿಟ್. ಶನಿವಾರ ಭಾನುವಾರ ನಾಲ್ಕನೇ ಬಕೆಟ್ ನನ್ನದು.

ಆಮೇಲೆ ಮಾಡ್ಯೂಲನ್ನು ಹಿಂದಿನ ಮನೆಯ ವೈರಿಗೆ ಬದಲಾಯಿಸಿದೆವು. ಫೂಫಿಯನ್ನು ಕೇಳಿಕೊಂಡು ಇಸ್ತ್ರಿ ಪೆಟ್ಟಿಗೆ ಮತ್ತೆ ಹೊರಗೆ ತರಿಸಿದೆ, ಇಲ್ಲದಿದ್ದರೆ ಈ ಲೆಕ್ಕವೂ ಸುಳ್ಳಾಗುತ್ತಿತ್ತು. ಆ ತಿಂಗಳು ಒಟ್ಟು 99, ಫೂಫಿಯದು 22, ನಮ್ಮದು 77. ಅದೇ ಪ್ರಮಾಣದಲ್ಲಿ ಹಿಂದಿನ ಬಿಲ್ಲಿನಲ್ಲಿ ಅವರ ಪಾಲು 112 ಅಲ್ಲ, 44 ರೂಪಾಯಿ. 68 ರೂಪಾಯಿ ಹಿಂತಿರುಗಿಸಲು ಹೋದೆ. ಫೂಫಿ ಮಷೀನ್ ನಿಲ್ಲಿಸದೆ, "ಎಷ್ಟು ತಪ್ಪಿದ್ದೆ?" ಎಂದು ಕೇಳಿದರು. ನೋಟ್‌ಬುಕ್ ತೋರಿಸಿ ಪೂರ್ತಿ ವಿವರಿಸಿದೆ. ಮೆಟ್ಟಿಲು, ಮಿಲಿ ವೋಲ್ಟ್ ಯಾವುದೂ ಅವರಿಗೆ ಬೇಕಿರಲಿಲ್ಲ. ಲಾರಿ ತಕ್ಕಡಿಯಲ್ಲಿ ಏಲಕ್ಕಿ ಎಂದಾಗ ಮಾತ್ರ ನಕ್ಕರು. ಹಣವನ್ನು ಎಣಿಸಿಯೇ ತೆಗೆದುಕೊಂಡರು.

ಅಬ್ಬಾ ಈ ಬೇಸಿಗೆಯಲ್ಲಿ ಬಚ್ಚಲಿನ ಪಕ್ಕಕ್ಕೆ ತಗಡಿನ ಸೌದೆ ಕೊಟ್ಟಿಗೆ ಕಟ್ಟಿಸುತ್ತಿದ್ದಾರೆ. ಸೌದೆ ಒಣಗಿದ್ದರೆ ಜೂನ್‌ನಲ್ಲಿ ರಾಡ್ ಬೇಕಾಗುವುದಿಲ್ಲ ಎಂಬ ಲೆಕ್ಕ. ತಂಗಿ ನೋಟ್‌ಬುಕ್ಕಿನಲ್ಲಿ "ರಾಡ್" ಎಂದು ಬೇರೆ ಕಾಲಂ ಗೆರೆ ಎಳೆದು ಇಟ್ಟಿದ್ದಾಳೆ.