ಅಡ್ವಾನ್ಸ್ ಕೊಡುವ ಮುನ್ನ
ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಊರು ಸುರಕ್ಷಿತವೇ ಎಂದು ಅಂಕಿಅಂಶ ಹುಡುಕುತ್ತಿದ್ದೀರಾ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅದು ಎಣಿಸುವುದು ಠಾಣೆಯಲ್ಲಿ ದಾಖಲಾದ ಪ್ರಕರಣಗಳನ್ನು. ದೂರು ಬರೆದುಕೊಳ್ಳದ ಊರು ಕಾಗದದ ಮೇಲೆ ಸಾಧುವಾಗಿಯೇ ಕಾಣುತ್ತದೆ. ಮಹಾನಗರಗಳ ಅಪರಾಧ ದರಕ್ಕೆ 2011ರ ಜನಗಣತಿಯನ್ನೇ ಆಧಾರವಾಗಿಟ್ಟುಕೊಂಡದ್ದೂ ಉಂಟು. ಆಮೇಲೆ ಬೆಂಗಳೂರು ಎಷ್ಟು ಬೆಳೆದಿದೆ ಎಂದು ಬೇರೆ ಹೇಳಬೇಕೆ!

ಅಷ್ಟಕ್ಕೂ ಮಗಳು ಇರುವುದು ಇಡೀ ಊರಿನಲ್ಲಲ್ಲ, ಒಂದು ಬೀದಿಯಲ್ಲಿ. ರಾತ್ರಿ ಹತ್ತರ ಮೇಲೆ ಬಸ್ ಸ್ಟಾಪಿನಿಂದ ಅವಳಿಗೆಂದು ನೋಡಿಟ್ಟ ಬಾಡಿಗೆ ಮನೆಯವರೆಗೆ ನಡೆದು ನೋಡಿ. ದೀಪ ಉರಿಯುತ್ತಿದೆಯೇ, ಅಂಗಡಿ ತೆರೆದಿದೆಯೇ, ಹೆಂಗಸರು ಒಬ್ಬೊಬ್ಬರೇ ಓಡಾಡುತ್ತಿದ್ದಾರೆಯೇ? ಮನೆ ಮಾಲೀಕರನ್ನಲ್ಲ, ಪಕ್ಕದ ಪಿ.ಜಿ. ಹುಡುಗಿಯರನ್ನು ವಿಚಾರಿಸಿ. ಫುಟ್‌ಪಾತ್ ಇದೆಯೇ ಎಂಬುದನ್ನೂ ಮರೆಯದೆ ನೋಡಿ. ಈ ಊರಲ್ಲಿ ಕೊಲೆಗಿಂತ ರಸ್ತೆ ಅಪಘಾತಕ್ಕೆ ಸಾಯುವವರೇ ಹೆಚ್ಚು.